ಪರವಾಗಿಲ್ಲ ಪುಟ್ಟಾ

ಶಾಲೆಯಲ್ಲಿ ನಮಗೆ ತಪ್ಪು ಉತ್ತರ ಕೊಡುವುದಕ್ಕೆ ತಾಲೀಮು ಮಾಡಿಸಿದ್ದರು. ಹೀಗೆ ಹೇಳಿದರೆ ಜನ ನಗುತ್ತಾರೆ, ಇವಳು ಕಥೆ ಕಟ್ಟುತ್ತಾಳೆ ಅನ್ನುತ್ತಾರೆ. ಕಥೆ ಕಟ್ಟುವ ಬುದ್ಧಿ ನನಗೆ ಸಮಯಕ್ಕೆ ಸರಿಯಾಗಿ ಬಂದಿದ್ದರೆ ನನ್ನ ಗತಿಯೇ ಬೇರೆಯಾಗುತ್ತಿತ್ತು. ಅದು ಬಂದದ್ದು ತಡವಾಗಿ. ಬಂದಾಗ ಅದರಿಂದ ಪ್ರಯೋಜನವೇನೂ ಉಳಿದಿರಲಿಲ್ಲ.

ರಾಜಗೋಪಾಲನಗರದ ಒಂದು ವಠಾರದಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ ಪೀಣ್ಯದಲ್ಲಿ ಸ್ಟೀಲ್ ಪೈಪುಗಳಿಗೆ ಪಾಲಿಶ್ ಹಿಡಿಯುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನ ಕಣ್ಣುರೆಪ್ಪೆಯ ಮೇಲೂ ಕಪ್ಪು ಪುಡಿ ಇರುತ್ತಿತ್ತು. ಅವ್ವ ಅಗರಬತ್ತಿ ಶೆಡ್ಡಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಭೀಮಾ ನದಿಯ ದಂಡೆಯ ಹಳ್ಳಿಯೊಂದು ನಮ್ಮೂರು. ಅಲ್ಲಿ ನದಿಗೆ ಯಾರೂ ನದಿ ಅನ್ನುವುದಿಲ್ಲ, ಹೊಳಿ ಅನ್ನುತ್ತಾರೆ. ನನ್ನನ್ನು ಹೆರುವ ದಿನವೂ ಅವ್ವ ಅದರಲ್ಲಿ ಕೌದಿ ಒಗೆದು ಬಂದಿದ್ದಳಂತೆ. ಆ ಮಾತನ್ನು ಅವಳು ಶೆಡ್ಡಿನ ಹೆಂಗಸರಿಗೆಲ್ಲ ಹೇಳಿದ್ದಳು.

ನಮ್ಮ ಶಾಲೆ ಇದ್ದದ್ದು ಎಂಟನೆಯ ತರಗತಿಯವರೆಗೆ. ಮುಂದೆ ಹೈಸ್ಕೂಲಿಗೆ ಹೋಗಬೇಕಾದರೆ ಲಾರಿಗಳು ನುಗ್ಗುವ ರಸ್ತೆ ದಾಟಿ ಬಸ್ಸು ಹಿಡಿಯಬೇಕು. ಅಪ್ಪ ಇದಕ್ಕೆ ಯಾವಾಗಲೋ ತೀರ್ಪು ಕೊಟ್ಟಾಗಿತ್ತು.

"ಎಂಟರ ತನಕ ಆತಲ್ಲ, ಸಾಕು. ಮುಂದ ಅವ್ವನ ಜೋಡಿ ಶೆಡ್ಡಿಗಿ ಹೋಗ್ಲಿ."

ಅವ್ವ ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಖರ್ಚಿಲ್ಲದೆ, ಬಸ್ಸಿಲ್ಲದೆ ಓದುವ ದಾರಿ ಯಾವುದಾದರೂ ಇದ್ದರೆ ಅವಳು ಅಪ್ಪನ ಎದುರು ನಿಲ್ಲುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಅಂಥ ದಾರಿ ಇರಲಿಲ್ಲ, ಅಷ್ಟೇ.

ನಾನು ಎಂಟನೆಯ ತರಗತಿಗೆ ಬಂದ ವರ್ಷ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿ ನಮ್ಮ ಶಾಲೆಯನ್ನು ಉದ್ಧಾರ ಮಾಡಲು ಆರಿಸಿಕೊಂಡಿತು. ಉದ್ಧಾರಕ್ಕೆ ತಕ್ಕ ಶಾಲೆಯನ್ನು ಪೀಣ್ಯದ ಕಡೆ ಹುಡುಕುವುದು ಕಷ್ಟವಲ್ಲ, ಹೊಗೆಯ ಜಾಡು ಹಿಡಿದು ಬಂದರೆ ಸಿಗುತ್ತದೆ. ಕಂಪನಿಯ ಮೇಡಂ ಒಬ್ಬರು ಇಸ್ತ್ರಿಯ ಹತ್ತಿ ಸೀರೆಯಲ್ಲಿ ಬಂದು, ಹಸಿರು ರಬ್ಬರ್ ಕವಚದ ಟ್ಯಾಬ್‌ಗಳನ್ನು ಹಂಚಿದರು. ಭೂಗೋಳದ ಪಾಠವೆಲ್ಲ ಅದರೊಳಗಿತ್ತು. ಬೆರಳಿನಿಂದ ನೂಕಿದರೆ ಭೂಮಿ ತಿರುಗುತ್ತಿತ್ತು, ಎರಡು ಬೆರಳಿನಿಂದ ಹಿಗ್ಗಿಸಿದರೆ ಹಿಮಾಲಯ ಹತ್ತಿರ ಬರುತ್ತಿತ್ತು. ಒಳಗೊಬ್ಬಳು ಹೆಂಗಸು ಮಾತಾಡುತ್ತಿದ್ದಳು. ಉತ್ತರ ಸರಿಯಾದರೆ "ಶಹಬ್ಬಾಸ್ ಪುಟ್ಟಾ" ಅನ್ನುತ್ತಿದ್ದಳು. ತಪ್ಪಾದರೆ "ಪರವಾಗಿಲ್ಲ ಪುಟ್ಟಾ, ಮತ್ತೆ ಪ್ರಯತ್ನಿಸು" ಅನ್ನುತ್ತಿದ್ದಳು. ನಮ್ಮನ್ನು ಪುಟ್ಟಾ ಎಂದು ಕರೆಯುವವರು ಆ ಕಟ್ಟಡದಲ್ಲಿ ಅವಳೊಬ್ಬಳೇ.

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರ ಬಾಯಲ್ಲಿ ಇದ್ದದ್ದು ಕತ್ತೆ, ಎಮ್ಮೆ. ಉತ್ತರ ಕರ್ನಾಟಕದ ಮಕ್ಕಳಿಗಾದರೆ ಒಂದು ವಿಶೇಷ ಬಿರುದು, "ಏ ಜೋಳದ ರೊಟ್ಟಿ." ಹೊಡೆಯುವುದಕ್ಕಿಂತ ಈ ಬಿರುದಿನಿಂದ ಅವರಿಗೆ ಹೆಚ್ಚು ಸುಖ ಸಿಗುತ್ತಿತ್ತು. ಇಡೀ ತರಗತಿ ನಗುತ್ತಿತ್ತು, ರೊಟ್ಟಿಗಳೂ ನಗುತ್ತಿದ್ದವು. ನಾನು ನಗುತ್ತಿರಲಿಲ್ಲ. ಅದಕ್ಕೇ ನನ್ನ ಮೇಲೆ ಅವರಿಗೆ ಒಂದು ಕಣ್ಣು. ನನ್ನನ್ನು ಹೆಚ್ಚಾಗಿ ನಿಲ್ಲಿಸುತ್ತಿದ್ದ ಜಾಗ ಗೋಡೆಯ ಹಳೆಯ ನಕಾಶೆಯ ಪಕ್ಕದಲ್ಲಿತ್ತು. ಬೇರೇನೂ ಕೆಲಸವಿಲ್ಲದ್ದರಿಂದ ನಾನು ಅದನ್ನೇ ಓದುತ್ತಿದ್ದೆ. ಏಳನೆಯ ತರಗತಿಯಲ್ಲಿ ಒಂದು ವರ್ಷ ಶಿಕ್ಷೆ ಅನುಭವಿಸುವಷ್ಟರಲ್ಲಿ ಭಾರತದ ನದಿಗಳೆಲ್ಲ ನನಗೆ ಬಾಯಿಪಾಠವಾಗಿದ್ದವು.

ಟ್ಯಾಬಿನ ಪಾಠಗಳು ತೆರೆಯಬೇಕಾದರೆ ಮೊದಲು ಒಂದು ಟೆಸ್ಟ್ ಮುಗಿಸಬೇಕಿತ್ತು. ನಮಗೆ ಏನು ಗೊತ್ತಿದೆ ಎಂದು ಅದು ಮೊದಲು ನೋಡಿಕೊಳ್ಳುತ್ತದೆ. ವರ್ಷದ ಕೊನೆಗೆ ಇನ್ನೊಂದು ಟೆಸ್ಟ್. ಎರಡರ ನಡುವೆ ಎಷ್ಟು ಏರಿದ್ದೇವೆ ಎಂದು ಲೆಕ್ಕ ಹಾಕಿ ಕಂಪನಿಗೆ ಕಳಿಸುತ್ತದೆ. ಮೇಡಂ ಇದನ್ನು ವಿವರಿಸಿ ಕಾರು ಹತ್ತಿದ ಮೇಲೆ ಮೇಷ್ಟ್ರು ಬಾಗಿಲು ಹಾಕಿದರು.

"ಲೇ, ಇಲ್ಲಿ ಕೇಳಿ. ಈ ಸಲ ಎಲ್ರೂ ತಪ್ಪು ಒತ್ಬೇಕು. ಗೊತ್ತಿದ್ರೂ ತಪ್ಪು ಒತ್ಬೇಕು. ಕೊನೆ ಟೆಸ್ಟಲ್ಲಿ ಸರಿ ಒತ್ಬೇಕು. ಮಧ್ಯದಲ್ಲಿ ಏನ್ ಬಂತು?"

ಅವರೇ ಒಂದು ಟ್ಯಾಬ್ ಎತ್ತಿ ತೋರಿಸಿದರು.

"ಟ್ಯಾಬ್ ಬಂತು ಕಣ್ರೋ. ಟ್ಯಾಬಿಂದ ಬುದ್ಧಿ ಬಂತು ಅಂತ ಅವ್ರಿಗೆ ಖುಷಿ. ನಮ್ಗೆ ಪ್ರೊಜೆಕ್ಟರ್, ನಿಮ್ಗೆ ಷೂ."

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸಾರ್, ನಿಜವಾಗ್ಲೂ ಗೊತ್ತಿಲ್ದೇ ಇದ್ರೆ?"

"ನಿಂಗ್ಯಾಕೋ ಆ ಚಿಂತೆ. ನೀನು ನಿನ್ ಪಾಡಿಗೆ ಒತ್ತು, ತಾನಾಗೇ ತಪ್ಪಾಗುತ್ತೆ."

ಆಮೇಲೆ ತಾಲೀಮು ನಡೆಯಿತು. ಭೂಮಿಯ ಆಕಾರ ಯಾವುದು ಎಂದು ಅವರು ಕೇಳುವುದು, ಚೌಕ ಎಂದು ನಾವು ಕೂಗುವುದು. ಸೂರ್ಯ ಎಲ್ಲಿ ಹುಟ್ಟುತ್ತಾನೆ, ಉತ್ತರದಲ್ಲಿ. ತಪ್ಪನ್ನು ಅಷ್ಟು ಗಟ್ಟಿಯಾಗಿ, ಅಷ್ಟು ಒಗ್ಗಟ್ಟಿನಿಂದ ನಾವು ಹಿಂದೆಂದೂ ಹೇಳಿರಲಿಲ್ಲ. ಮಗ್ಗಿ ಹೇಳುವಾಗ ಗೊಣಗುವವರೂ ಆವತ್ತು ಗಂಟಲು ಬಿಟ್ಟಿದ್ದರು.

ಟೆಸ್ಟಿನ ದಿನ ನಾನೂ ತಪ್ಪನ್ನೇ ಒತ್ತಬೇಕೆಂದು ಕೂತೆ. ಮೇಷ್ಟ್ರ ಮಾತು ಮೀರುವ ಉದ್ದೇಶ ನನಗಿರಲಿಲ್ಲ, ನನಗೂ ಷೂ ಬೇಕಿತ್ತು. ಮೊದಲನೆಯ ಪ್ರಶ್ನೆಯೇ ಭೀಮಾ ನದಿ ಯಾವುದನ್ನು ಸೇರುತ್ತದೆ ಎಂಬುದು. ಕೆಳಗೆ ಅರಬ್ಬಿ ಸಮುದ್ರ, ಕಾವೇರಿ, ಕೃಷ್ಣಾ, ಗೋದಾವರಿ. ಅರಬ್ಬಿ ಸಮುದ್ರದ ಮೇಲೆ ಬೆರಳಿಟ್ಟೆ, ಒತ್ತಲಿಲ್ಲ. ಕಾವೇರಿಯ ಮೇಲಿಟ್ಟೆ. ಆಗ ನನಗೆ ವಿಪರೀತ ಸಿಟ್ಟು ಬಂತು. ನಮ್ಮ ಹೊಳಿಯನ್ನು ಇವರ ಪ್ರೊಜೆಕ್ಟರಿಗಾಗಿ ನಾನೇಕೆ ತಿರುಗಿಸಬೇಕು? ಅದು ಎಲ್ಲಿಗೆ ಹೋಗುತ್ತದೆಂದು ನಮ್ಮೂರಿನ ಎಮ್ಮೆಗೂ ಗೊತ್ತು. ಕೃಷ್ಣಾ ಒತ್ತಿದೆ.

ಕೋಣೆಯ ತುಂಬ "ಪರವಾಗಿಲ್ಲ ಪುಟ್ಟಾ, ಪರವಾಗಿಲ್ಲ ಪುಟ್ಟಾ" ಎಂಬ ದನಿ ಸಂತೆಯ ಹಾಗೆ ಎದ್ದಿತ್ತು. ಅದರ ನಡುವೆ ನನ್ನ ಮಡಿಲಿನಿಂದ ಒಂಟಿಯಾಗಿ "ಶಹಬ್ಬಾಸ್ ಪುಟ್ಟಾ" ಕೇಳಿಸಿತು.

ಮೇಷ್ಟ್ರು ತಲೆ ಎತ್ತಿದರು. "ಯಾವಳೇ ಅದು ಶಹಬ್ಬಾಸು?"

ಒಂದು ಸರಿ ಒತ್ತಿದ ಮೇಲೆ ಉಳಿದದ್ದನ್ನು ತಪ್ಪು ಮಾಡುವುದು ನನ್ನಿಂದಾಗಲಿಲ್ಲ. ಅವರು ಬೆಂಚುಗಳ ಸಾಲು ದಾಟಿ ನನ್ನ ಹತ್ತಿರ ಬರುವಷ್ಟರಲ್ಲಿ ನಾನು ಸಿಟ್ಟಿನಲ್ಲಿ ಸರಸರ ಒತ್ತುತ್ತ ಹೋಗಿದ್ದೆ. ಶಹಬ್ಬಾಸ್, ಶಹಬ್ಬಾಸ್, ಶಹಬ್ಬಾಸ್. ಅವರು ನನ್ನ ಕಿವಿ ಹಿಡಿದು ಎತ್ತಿದಾಗ ಕೊನೆಯ ಪ್ರಶ್ನೆಯೂ ಮುಗಿದು ಪರದೆಯ ಮೇಲೆ ಬಣ್ಣದ ಕಾಗದಗಳು ಉದುರುತ್ತಿದ್ದವು.

ಅವರು ಕಂಪನಿಗೆ ಫೋನ್ ಮಾಡಿ ಆ ಟೆಸ್ಟನ್ನು ಅಳಿಸಲು ಕೇಳಿಕೊಂಡರು. ಒಂದು ಮಗುವಿಗೆ ಒಂದೇ ಸಲ, ಅಳಿಸಲು ಬರುವುದಿಲ್ಲ ಎಂದರಂತೆ. ನನ್ನನ್ನು ಮಧ್ಯಾಹ್ನದವರೆಗೆ ಧ್ವಜದ ಕಂಬದ ಹತ್ತಿರ ಬಿಸಿಲಲ್ಲಿ ನಿಲ್ಲಿಸಿದರು. ಆವತ್ತಿನಿಂದ ನನ್ನ ಹೆಸರು ಹೋಯಿತು. ಜೋಳದ ರೊಟ್ಟಿಯೂ ಹೋಯಿತು. ನೀರು ಕುಡಿಯಲು ಹೋದರೂ ಹಿಂದಿನಿಂದ "ಶಹಬ್ಬಾಸ್ ಬಂದ್ಳು" ಅನ್ನುತ್ತಿದ್ದರು.

ದಸರಾ ರಜೆ ಮುಗಿದ ಮೇಲೆ ಮೇಡಂ ಮತ್ತೆ ಬಂದರು. ವೈಟ್‌ಫೀಲ್ಡಿನಲ್ಲಿ ಅವರದೇ ಟ್ರಸ್ಟಿನ ಒಂದು ಹಾಸ್ಟೆಲ್ ಶಾಲೆ ಇದೆಯೆಂದೂ, ನಮ್ಮ ತರಗತಿಯಿಂದ ಒಬ್ಬರನ್ನು ಒಂಬತ್ತನೆಯಿಂದ ಪಿಯುಸಿವರೆಗೆ ಅಲ್ಲಿ ಪುಕ್ಕಟೆಯಾಗಿ ಓದಿಸುತ್ತಾರೆಂದೂ ಹೇಳಿದರು. ಊಟ, ಬಟ್ಟೆ, ಪುಸ್ತಕ ಎಲ್ಲವೂ ಅಲ್ಲೇ. ನಾನು ಪುಸ್ತಕವನ್ನು ಎದೆಗೆ ಅವುಚಿಕೊಂಡೆ. ಖರ್ಚಿಲ್ಲ, ಬಸ್ಸಿಲ್ಲ. ಅವ್ವ ಅಪ್ಪನ ಎದುರು ನಿಲ್ಲಬಹುದಾದ ದಾರಿ ಇದೇ.

"ಕೊನೆ ಟೆಸ್ಟಲ್ಲಿ ಯಾರು ಅತೀ ಹೆಚ್ಚು ಏರಿರ್ತಾರೋ ಅವ್ರಿಗೆ ಆ ಸೀಟು" ಎಂದರು ಮೇಡಂ.

ನಾನು ಕೈ ಎತ್ತಿದೆ. "ಮೇಡಂ, ಮೊದಲನೇ ಟೆಸ್ಟಲ್ಲೇ ಎಲ್ಲಾ ಸರಿ ಮಾಡಿದ್ರೆ?"

ಮೇಷ್ಟ್ರು ಕೆಮ್ಮಿದರು. ಮೇಡಂ ಪ್ರೀತಿಯಿಂದಲೇ ನಕ್ಕರು. "ಅಂಥವ್ರಿಗೆ ನಮ್ಮ ಹೆಲ್ಪ್ ಬೇಕಿಲ್ಲ ಅಲ್ವಾ?"

ಇದರಲ್ಲಿ ಸುಳ್ಳೆಂದು ಹಿಡಿಯಲು ಏನೂ ಇರಲಿಲ್ಲ. ಆಗಲೇ ಅಟ್ಟದ ಮೇಲೆ ಕೂತವಳಿಗೆ ಏಣಿ ಏಕೆ?

ನಮ್ಮ ವಠಾರದ ಓನರ್ ಮಗಳೂ ನನ್ನ ತರಗತಿಯಲ್ಲೇ ಇದ್ದಳು. ಅವರು ಇಲ್ಲಿಯ ಮೂಲದವರು, ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದಿದ್ದರು. ಅವರ ಮನೆತನದವರೆಲ್ಲ ಓದಿದ ಶಾಲೆಯೆಂಬ ಗತ್ತಿಗೆ ಅವಳ ಅಜ್ಜ ಅವಳನ್ನು ಅಲ್ಲೇ ಸೇರಿಸಿದ್ದ. ಕೆಟ್ಟವಳಲ್ಲ, ಸೋಮಾರಿ. ಅವಳ ಭೂಗೋಳದಲ್ಲಿ ಬೆಂಗಳೂರು, ತಿರುಪತಿ, ಅಮೆರಿಕ ಬಿಟ್ಟರೆ ಉಳಿದದ್ದೆಲ್ಲ ಸಮುದ್ರ. ಟ್ಯಾಬ್ ಕೊಟ್ಟರೆ ಅದರಲ್ಲಿ ತನ್ನ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಸೀಟಿನ ಸುದ್ದಿ ಮನೆಗೆ ಮುಟ್ಟಿದ್ದೇ ತಡ, ಅವಳ ತಾಯಿ ನಮ್ಮ ಬಾಗಿಲಿಗೆ ಬಂದರು.

"ಏನಮ್ಮೀ, ನೀನು ಬೋ ಬುದ್ವಂತೆ ಅಂತೆ. ನಮ್ಮ ಉಡ್ಗಿಗೂ ಒಸಿ ಏಳ್ಕೊಡು."

ಅವರು ಹೋದ ಮೇಲೆ ನಾನು ಆಗುವುದಿಲ್ಲ ಎಂದೆ. ಅವ್ವ ಒಲೆಯಿಂದ ತಿರುಗಿಯೂ ನೋಡಲಿಲ್ಲ.

"ನೀರ ಬಿಡಾಕಿ ಅಕಿ. ಹೋಗಿ ಹೇಳಿಕೊಡು, ಬಾಯಿ ಮಾಡಬ್ಯಾಡ."

ವಠಾರದ ಮೋಟರಿನ ಸ್ವಿಚ್ಚು ಓನರ್ ಮನೆಯೊಳಗಿತ್ತು. ಮಾತು ಅಲ್ಲಿಗೆ ಮುಗಿಯಿತು.

ದಿನವೂ ಸಂಜೆ ಅವರ ಟೆರೇಸಿನ ಮೇಲೆ ಪಾಠ. ಅವಳಿಗೆ ಪರದೆಯ ನಕಾಶೆ ತಲೆಗೆ ಹತ್ತದೆಂದು ಗೊತ್ತಾಗಿ ನಾನು ಸೀಮೆಸುಣ್ಣದಲ್ಲಿ ನೆಲದ ತುಂಬ ಭಾರತವನ್ನು ಬರೆದೆ. ನೀರಿನ ಟ್ಯಾಂಕು ಪಶ್ಚಿಮ ಘಟ್ಟವಾಯಿತು. ಅದರ ಸೋರುವ ಪೈಪಿನಿಂದ ಒಂದು ಸಣ್ಣ ಧಾರೆ ಟೆರೇಸಿನ ಆಚೆ ಅಂಚಿಗೆ ಹರಿಯುತ್ತಿತ್ತು, ಅದು ಕೃಷ್ಣೆ. ಮಗ್ಗಿನಿಂದ ನೀರು ಹುಯ್ದು ಭೀಮೆಯನ್ನು ಮೇಲಿನಿಂದ ತಂದು ಸೇರಿಸಿದೆ, ತುಂಗಭದ್ರೆಯನ್ನು ಕೆಳಗಿನಿಂದ ತಂದೆ. ಅವಳನ್ನು ಬರಿಗಾಲಲ್ಲಿ ಅದರ ಮೇಲೆ ನಡೆಸಿದೆ. ಒದ್ದೆ ಕಾಲಿನಲ್ಲಿ ನಡೆದದ್ದು ಅವಳಿಗೆ ನೆನಪುಳಿಯಿತು. ತಪ್ಪು ಹೇಳಿದರೆ ನಾನು ಬಯ್ಯುತ್ತಿದ್ದೆ, ಮೇಷ್ಟ್ರ ಬೈಗುಳಗಳೇ ನನ್ನ ಬಾಯಿಗೆ ಬರುತ್ತಿದ್ದವು. ಅವಳು ಚಿಪ್ಸ್ ತಿನ್ನುತ್ತ ಬೈಸಿಕೊಳ್ಳುತ್ತಿದ್ದಳು, ಅರ್ಧ ಪೊಟ್ಟಣ ನನಗೂ ಕೊಡುತ್ತಿದ್ದಳು.

"ನಂಗಿದೆಲ್ಲ ಯಾಕೆ ಹೇಳು? ಹಾಸ್ಟೆಲ್‌ಗೆ ಯಾರ್ ಹೋಗ್ತಾರೆ ಕಣೇ" ಅನ್ನುತ್ತಿದ್ದಳು. ಬೇಡದವಳಿಗೆ ನಾನು ಕೈಯಾರೆ ಬಡಿಸುತ್ತಿದ್ದೆ. ಒಂದು ಸಂಜೆ ಅವಳಿಗೆ ಎಲ್ಲವನ್ನೂ ತಪ್ಪು ಹೇಳಿಕೊಟ್ಟುಬಿಡೋಣ ಎಂದು ನಿರ್ಧರಿಸಿಯೇ ಮೇಲೆ ಹೋದೆ. ಮಗ್ಗು ಕೈಯಲ್ಲಿ ಹಿಡಿದು ಭೀಮೆಯನ್ನು ಎಡಕ್ಕೆ, ಅರಬ್ಬಿ ಸಮುದ್ರದ ಕಡೆಗೆ ಹುಯ್ಯಲು ನೋಡಿದೆ. ನೀರು ಹುಯ್ದದ್ದು ಬಲಕ್ಕೇ, ಕೃಷ್ಣೆಯ ಕಡೆಗೇ.

ಕೊನೆಯ ಟೆಸ್ಟಿನಲ್ಲಿ ಓನರ್ ಮಗಳು ಒಂದೆರಡು ಬಿಟ್ಟು ಎಲ್ಲವನ್ನೂ ಸರಿ ಒತ್ತಿದಳು. ಅವಳ ಟ್ಯಾಬ್ ಶಹಬ್ಬಾಸ್ ಹೇಳಿ ಹೇಳಿ ದಣಿಯಿತು. ಹಿಂದಿನ ಬೆಂಚಿನ ಆ ಹುಡುಗ, ನಿಜವಾಗಿಯೂ ಗೊತ್ತಿಲ್ಲದಿದ್ದರೆ ಏನು ಮಾಡಲಿ ಎಂದು ಕೇಳಿದವನು, ಆವತ್ತು ಅವಳ ಹಿಂದೆ ಕೂತು, ಕತ್ತು ಉದ್ದ ಮಾಡಿ ಅವಳು ಒತ್ತಿದ್ದನ್ನೇ ಒತ್ತಿದ. ನಾನು ಈ ಸಲವೂ ಎಲ್ಲವನ್ನೂ ಸರಿ ಮಾಡಿದೆ. ಬೇರೆ ಏನು ಮಾಡಬೇಕೆಂದು ನನಗೆ ಹೊಳೆಯಲಿಲ್ಲ.

ಮಾರ್ಚಿನಲ್ಲಿ ಶಾಮಿಯಾನ ಹಾಕಿ ಸಮಾರಂಭ ಮಾಡಿದರು. ಓನರ್ ಮಗಳು ರೇಷ್ಮೆ ಲಂಗದಲ್ಲಿ ವೇದಿಕೆ ಹತ್ತಿದಳು. ಹಿಂದಿನ ಪರದೆಯ ಮೇಲೆ ಅವಳ ಹೆಸರಿನ ಪಕ್ಕ ಹಸಿರು ಬಾಣವೊಂದು ಮೇಲಕ್ಕೆ ಚಿಮ್ಮಿತು. ಮೇಡಂ ಮೈಕು ಅವಳ ಬಾಯಿಗೆ ಹಿಡಿದು ಕೃಷ್ಣೆಯ ಉಪನದಿಗಳನ್ನು ಕೇಳಿದರು. ಅವಳು ಕಣ್ಣು ಮುಚ್ಚಿದಳು. ಟೆರೇಸಿನ ಮೇಲೆ ನಡೆಯುತ್ತಿದ್ದಾಳೆಂದು ನನಗೆ ಗೊತ್ತಾಯಿತು, ಲಂಗದ ಅಂಚಿನಡಿ ಕಾಲಿನ ಬೆರಳುಗಳೂ ಒದ್ದೆ ನೆಲ ಮೆಟ್ಟಿದವಳ ಹಾಗೆ ಮೇಲೆದ್ದಿದ್ದವು. ಒಂದನ್ನೂ ಬಿಡದೆ ಹೇಳಿದಳು.

"ಇಷ್ಟೆಲ್ಲಾ ಯಾರು ಹೇಳ್ಕೊಟ್ರು ಪುಟ್ಟಾ?"

ಅವಳು ಕಣ್ಣು ಬಿಟ್ಟು ಜನರ ನಡುವೆ ನನ್ನನ್ನು ಹುಡುಕಿದಳು. ನಾನು ಅವಳ ಕಣ್ಣಿಗೆ ಸಿಕ್ಕಿದೆ. ವೇದಿಕೆಯ ಮಗ್ಗುಲಲ್ಲಿ ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಅವಳು ಅವರ ಕಡೆ ತಿರುಗಿ ನೋಡಿ, "ಟ್ಯಾಬ್ ಮೇಡಂ" ಎಂದಳು. ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ನನ್ನ ಪಕ್ಕ ಕೂತಿದ್ದ ಅವ್ವನೂ ತಟ್ಟಿದಳು, ಅವಳಿಗೆ ಏನು ನಡೆಯುತ್ತಿದೆಯೆಂದು ಅರ್ಥವಾಗಿರಲಿಲ್ಲ.

ಆಮೇಲೆ ಎಲ್ಲರ ಬಾಣಗಳನ್ನೂ ತೋರಿಸಿದರು. ಎಲ್ಲವೂ ಮೇಲಕ್ಕೆ. ಕೊನೆಯ ಸಾಲು ಮಾತ್ರ ಕೆಂಪಾಗಿತ್ತು, ಅಲ್ಲಿ ಬಾಣವಿರಲಿಲ್ಲ, ಸೊನ್ನೆ ಇತ್ತು. ಇಡೀ ವರ್ಷ ಏನೂ ಕಲಿಯದ ಮಗು ಯಾರೆಂದು ಮೇಡಂ ಮರುಕದಿಂದ ಕೇಳಿದರು. ನನ್ನ ಬೆನ್ನಿಗೆ ಯಾರೋ ತಿವಿದು ಎಬ್ಬಿಸಿದರು. ಮೇಡಂ ಕೆಳಗಿಳಿದು ಬಂದು, ಕ್ಯಾಮೆರಾದ ಮುಂದೆ ನನ್ನ ತಲೆ ಸವರಿದರು.

"ಪರವಾಗಿಲ್ಲ ಪುಟ್ಟಾ."

ಟ್ಯಾಬಿನ ಹೆಂಗಸು ನನಗೆ ಒಮ್ಮೆಯೂ ಹೇಳದಿದ್ದ ಮಾತು ಅದು. ಆ ಕೈಯನ್ನು ಕಚ್ಚಬೇಕೆನಿಸಿತ್ತು. ಈಗಲೂ ಅನಿಸುತ್ತದೆ.

ಸಂಜೆ ಓನರ್ ಮನೆಯಿಂದ ವಠಾರಕ್ಕೆಲ್ಲ ಮೈಸೂರು ಪಾಕು ಬಂತು. ಮರುವಾರದಿಂದ ನಾನು ಅವ್ವನ ಜೊತೆ ಅಗರಬತ್ತಿ ಶೆಡ್ಡಿಗೆ ಹೊರಟೆ. ಯಾರು ಕೇಳಿದರೂ ಅವ್ವ "ಸೂಟಿ ಐತ್ರಿ, ಅದಕ್ಕ ಬರ್ತಾಳ" ಅನ್ನುತ್ತಿದ್ದಳು. ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದ ಮೇಲೂ ಅದನ್ನೇ ಹೇಳುತ್ತಿದ್ದಳು.

ಓನರ್ ಮಗಳು ಹಾಸ್ಟೆಲಿನಲ್ಲಿ ಒಂದು ತಿಂಗಳೂ ನಿಲ್ಲಲಿಲ್ಲ. ಒಂದು ಭಾನುವಾರ ಅವರಪ್ಪನ ಕಾರಿನಲ್ಲಿ ಹಾಸಿಗೆ ಸಮೇತ ವಾಪಸು ಬಂದಳು.

"ದಿನಾ ಚಪಾತಿ ಕಣೇ, ಮುದ್ದೆನೇ ಇಲ್ಲ. ಎಲ್ರಿಗೂ ಸೇರಿ ಒಂದೇ ಫ್ಯಾನು. ಅಪ್ಪ ಇಲ್ಲೇ ಇಂಗ್ಲಿಷ್ ಮೀಡಿಯಂಗೆ ಹಾಕ್ತೀನಿ ಅಂದ್ರು."

ನಾನು ಇದನ್ನು ಅವ್ವನಿಗೆ ಹೇಳಿದಾಗ ಅವಳ ಕೈ ಹಿಟ್ಟಿನಲ್ಲಿತ್ತು. ಕೈ ತೊಳೆದುಕೊಳ್ಳುತ್ತ, ಹಾಗಾದರೆ ಆ ಜಾಗ ಖಾಲಿ ಇದೆಯಲ್ಲ ಎಂದಳು. ಮರುದಿನ ಶೆಡ್ಡಿಗೆ ಅರ್ಧ ದಿನ ರಜೆ ಹಾಕಿ, ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಶಾಲೆಗೆ ಬಂದಳು.

ಹೊಸ ಪ್ರೊಜೆಕ್ಟರ್ ಮೇಲೆ ಮೇಷ್ಟ್ರು ಟವೆಲ್ ಹೊದಿಸಿದ್ದರು. ಅವ್ವ ಕೈಮುಗಿದು ವಿಷಯ ಹೇಳಿದಳು. ಅವರು ಬಯ್ಯಲಿಲ್ಲ. ಕಂಪ್ಯೂಟರ್ ತೆರೆದು ಪರದೆಯನ್ನು ಅವಳ ಕಡೆ ತಿರುಗಿಸಿದರು.

"ನೋಡಮ್ಮ, ಇದ್ರಲ್ಲಿ ನಂದೇನೂ ಇಲ್ಲ, ಕಂಪ್ಯೂಟರ್ ಹೇಳಿದ್ದು. ಆ ಹುಡುಗಿ ಬಿಟ್ರೆ ಮುಂದಿನವನು ಈ ಹುಡುಗ. ಅವ್ನ ಕರ್ಕೊಂಡ್ ಹೋಗೂ ಆಯ್ತು. ನಿಮ್ಮೋಳು ಇಗೋ ಇಲ್ಲಿದ್ದಾಳೆ, ಕೊನೇಲಿ."

ಆ ಹುಡುಗ ಹಿಂದಿನ ಬೆಂಚಿನವನೇ. ಓದು ಬಾರದ ಅವ್ವ ಆ ಕೆಂಪು ಸಾಲನ್ನೇ ನೋಡುತ್ತ ನಿಂತಳು.

"ಅಕಿ ಎಲ್ಲಾ ಬರೊಬ್ಬರಿ ಒತ್ಯಾಳಂತಲ್ರಿ ಸರ."

"ಅದೇ ತಪ್ಪಾಗಿದ್ದು. ಮೊದಲ್ನೇ ಸಲ ಎಲ್ಲಾ ತಪ್ಪು ಒತ್ತೇ ಅಂದಿದ್ದೆ. ನನ್ ಮಾತು ಕೇಳಿದ್ರೆ ಇವತ್ತು ಹೀಗೆ ಬಂದು ನಿಲ್ಲೋ ಗತಿ ಇರ್ಲಿಲ್ಲ."

ಹೊರಗೆ ಬಂದೆವು. ರಸ್ತೆಯಲ್ಲಿ ಪಾಲಿಶ್ ಶಾಪುಗಳ ಸದ್ದು. ಎರಡು ಕ್ರಾಸ್ ದಾಟಿದೆವು. ಆಮೇಲೆ ಅವ್ವ ಕೇಳಿದಳು.

"ತಪ್ಪ ಒತ್ತಾಕ ಏನಾಗಿತ್ತ ನಿನಗ?"

ನಾನು ಹೇಳಿದೆ. ಭೀಮಾ ಎಲ್ಲಿಗೆ ಸೇರುತ್ತದೆಂದು ಕೇಳಿತ್ತು, ನಮ್ಮ ಹೊಳಿ ಅಲ್ಲವೇನವ್ವ, ಅದರ ಬಗ್ಗೆ ಸುಳ್ಳು ಒತ್ತಲು ಮನಸ್ಸು ಬರಲಿಲ್ಲ ಎಂದೆ. ಅವ್ವ ನನ್ನ ಬೆನ್ನು ಸವರಬಹುದೆಂದು ಒಳಗೊಳಗೇ ಆಸೆಯಿತ್ತು. ಆ ನೀರಿನಲ್ಲಿ ಕೌದಿ ಒಗೆದವಳು ಅವಳೇ ತಾನೆ?

ಅವಳು ನಡೆಯುವುದನ್ನು ನಿಲ್ಲಿಸಿ, ನನ್ನ ಮುಖ ನೋಡಿದಳು.

"ನೀ ತಪ್ಪ ಒತ್ತಿದ್ರ ಆ ಹೊಳಿಗಿ ಗೊತ್ತಾಗ್ತಿತ್ತೇನ?"

ಮರುದಿನ ಬೆಳಿಗ್ಗೆ ಇಬ್ಬರೂ ಶೆಡ್ಡಿಗೆ ಹೋದೆವು. ನನಗೆ ಸೂಟಿ ಇದೆ ಎಂದು ಅವ್ವ ಆಮೇಲೆ ಯಾರಿಗೂ ಹೇಳಲಿಲ್ಲ.